ಚವದಾರ ಕೆರೆಯ ಚಕ್ಕುಬಂದಿ

ಪೋಸ್ಟು ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

2027ರ ಮಾರ್ಚ್ 20ಕ್ಕೆ ಮಹಾಡ್ ಸತ್ಯಾಗ್ರಹಕ್ಕೆ ನೂರು ವರ್ಷ. ನಮ್ಮ ಓದುಬಳಗದ ಹುಡುಗರು ಒಂದು ಸ್ಮರಣ ಸಂಚಿಕೆ ತರಬೇಕು ಅಂತ ಓಡಾಡುತ್ತಿದ್ದಾರೆ. ನನಗೆ ಹಚ್ಚಿದ ಕೆಲಸ ಚವದಾರ ಕೆರೆಯ ಬಗ್ಗೆ ಒಂದು ವರ್ಣನಾತ್ಮಕ ಪ್ರಬಂಧ. "ಹೋರಾಟದ ಇತಿಹಾಸ ಬ್ಯಾರೆಯವರು ಬರೀತಾರ ಅಣ್ಣಾ, ನೀವು ಬರೇ ಜಾಗಾದ ಬಗ್ಗೆ ಬರೀರಿ. ಓದಿದವರಿಗೆ ಕೆರಿ ದಂಡಿ ಮ್ಯಾಲೆ ನಿಂತಂಗ ಆಗಬೇಕು" ಅಂದರು. ಆಯ್ತು ಅಂದೆ. ಬರೆಯುತ್ತಾ ಹೋದಂತೆ, ಜಾಗ ಬೇರೆ ಇತಿಹಾಸ ಬೇರೆ ಅಂತ ಇವರು ಮಾಡಿದ ಹಂಚಿಕೆಯೇ ನನ್ನನ್ನು ಯೋಚನೆಗೆ ಹಚ್ಚಿತು. ಆ ಯೋಚನೆ ಸಂಚಿಕೆಯೊಳಗೆ ಹಿಡಿಸುವುದಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೊದಲು ಕಣ್ಣಿಗೆ ಕಾಣುವುದನ್ನು ಹೇಳಿಬಿಡುತ್ತೇನೆ. ಕೊಂಕಣದ ಒಂದು ಸಣ್ಣ ಪಟ್ಟಣ, ಪಕ್ಕದಲ್ಲಿ ಸಾವಿತ್ರಿ ನದಿ. ಪೇಟೆಯ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ನಾಲ್ಕೂ ಕಡೆ ಕಟ್ಟೆ ಕಟ್ಟಿದ ಕೆರೆ, ಇಳಿಯಲು ಮೆಟ್ಟಿಲು, ಬಾಬಾಸಾಹೇಬರ ಪ್ರತಿಮೆ, ಸುತ್ತ ರಸ್ತೆ, ರಸ್ತೆಯ ಆಚೆ ಮನೆಗಳು. ಬೇರೆ ದಿನ ಹೋದರೆ ನಮ್ಮ ಯಾವುದೇ ತಾಲ್ಲೂಕು ಊರಿನ ಕೆರೆಯ ಹಾಗೇ. ಮಾರ್ಚ್ 20ಕ್ಕೆ, ಡಿಸೆಂಬರ್ 25ಕ್ಕೆ ಹೋದರೆ ಮಾತ್ರ ನೀಲಿ ಬಾವುಟ, ಪುಸ್ತಕದ ಅಂಗಡಿ, ಮೈಕು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಬಂದವರು ಮೆಟ್ಟಿಲಿಳಿದು ನೀರು ಮುಟ್ಟುತ್ತಾರೆ. ಕೆಲವರು ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನನ್ನ ಪಕ್ಕ ಒಬ್ಬ ಮುದುಕಿ ಬಾಟಲಿಯಲ್ಲಿ ತುಂಬಿಕೊಳ್ಳುತ್ತಿದ್ದಳು. ನನ್ನ ಗಂಟಲೂ ಕಟ್ಟಿತ್ತು. ಸುಳ್ಳು ಯಾಕೆ ಹೇಳಲಿ.

ಇಷ್ಟೇ. ಕಣ್ಣಿನ ಕೆಲಸ ಇಲ್ಲಿಗೆ ಮುಗೀತು. ಹೈಸ್ಕೂಲಿನ ವ್ಯಾಕರಣ ಪುಸ್ತಕದಲ್ಲಿ ಪ್ರಬಂಧ ಅಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಕಲಿಸಿದ್ದರಲ್ಲ, ಆ ಲೆಕ್ಕದಲ್ಲಿ ಇದಕ್ಕೆ ತಿಳಿನೀರು, ತಂಗಾಳಿ, ಹಕ್ಕಿಗಳ ಇಂಚರ ಸೇರಿಸಿ, ಕೊನೆಗೆ "ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆ ನೋಡಲೇಬೇಕಾದ ಸ್ಥಳ" ಅಂತ ಹಾಕಿದರೆ ಹತ್ತಕ್ಕೆ ಎಂಟು ಅಂಕ ಗ್ಯಾರಂಟಿ. ಈಗ ರೀಲ್ಸ್ ಮಾಡುವವರದೂ ಅದೇ ಪ್ರಬಂಧ, ಸಂಗೀತ ಒಂದು ಜಾಸ್ತಿ. ನಮ್ಮ ಹುಡುಗರ ಭಾವನೆಯನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಆ ಕೆರೆ ನಮಗೆ ಯಾಕೆ ಮುಖ್ಯ ಅನ್ನುವುದು ನೀರಿನ ಬಣ್ಣದಲ್ಲಿ ಎಲ್ಲೂ ಬರೆದಿಲ್ಲ. ಅದು ಬೇರೆ ಕಡೆ ಬರೆದಿದೆ.

ಹೆಸರಿನಿಂದ ಶುರು ಮಾಡೋಣ. ಕನ್ನಡದಲ್ಲಿ ಚೌಡಾರ್, ಚೌದಾರ್ ಅಂತೆಲ್ಲ ಬರೀತೀವಿ. ಮರಾಠಿಯಲ್ಲಿ ಅದು ಚವದಾರ. ಚವ ಅಂದರೆ ರುಚಿ, ಚವದಾರ ಅಂದರೆ ರುಚಿಯಾದದ್ದು. ಬೆಳಗಾವಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಡುಗೆ ಮನೆಯಲ್ಲಿ ದಿನಾ ಕೇಳುವ ಮಾತು. ಸಿಹಿನೀರಿನ ಕೆರೆ ಅನ್ನೋಣ. ಊರಿನ ಎಲ್ಲರೂ ರುಚಿ ನೋಡಿ ಇಟ್ಟ ಹೆಸರು. ನಮ್ಮ ಜನರಿಗೆ ಮಾತ್ರ ಆ ಹೆಸರು ನಿಜವೋ ಸುಳ್ಳೋ ಹೇಳುವ ಅವಕಾಶ ಇರಲಿಲ್ಲ. ದನ, ನಾಯಿ ಇಳಿಯಬಹುದಿತ್ತು. ಮುಸಲ್ಮಾನರು ನೀರು ತುಂಬಬಹುದಿತ್ತು.

ಈಗ ಕಾಗದಕ್ಕೆ ಬರೋಣ. 1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಳೆ ಅವರು ಒಂದು ನಿರ್ಣಯ ಪಾಸು ಮಾಡಿಸಿದರು: ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ಆಸ್ಪತ್ರೆ ಇವೆಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಬೋಳೆಯವರು ನಮ್ಮವರಲ್ಲ, ಭಂಡಾರಿ ಸಮಾಜದವರು. 1924ರ ಜನವರಿಯಲ್ಲಿ ಮಹಾಡ್ ಪುರಸಭೆ ಅದನ್ನೇ ಅನುಸರಿಸಿ ಚವದಾರ ಕೆರೆಯನ್ನು ಮುಕ್ತ ಮಾಡಿ ಠರಾವು ಮಾಡಿತು. ಠರಾವು ಆಯಿತು, ಫೈಲಾಯಿತು. ಕೆರೆಗೆ ಯಾರೂ ಇಳಿಯಲಿಲ್ಲ. ಇಪ್ಪತ್ತು ವರ್ಷ ಆಫೀಸಿನಲ್ಲಿ ಟಪಾಲು ನೋಡಿದವನು ನಾನು, "ಆದೇಶ ಹೊರಡಿಸಲಾಗಿದೆ" ಅನ್ನುವ ಸಾಲಿಗೂ ಅದು ಜಾರಿಯಾಗುವುದಕ್ಕೂ ನಡುವೆ ಎಷ್ಟು ದೂರ ಇರುತ್ತದೆ ಅಂತ ಗೊತ್ತು. ಮಹಾಡಿನಲ್ಲಿ ಆ ದೂರ ಮೂರು ವರ್ಷ, ಎರಡು ತಿಂಗಳು, ಚಿಲ್ಲರೆ ದಿನ.

1927ರ ಮಾರ್ಚ್ 19, 20. ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು. ಇದನ್ನು ಮಹಾಡಿನಲ್ಲೇ ಮಾಡಬೇಕು ಅಂತ ಓಡಾಡಿದವರು ಹತ್ತಿರದ ದಾಸಗಾವಿನ ರಾಮಚಂದ್ರ ಬಾಬಾಜಿ ಮೋರೆ. ಆ ಭಾಗದಲ್ಲಿ ಸೈನ್ಯದಿಂದ ಪಿಂಚಣಿ ಪಡೆದು ಬಂದ ಮಹಾರರ ಮನೆಗಳಿದ್ದವು, ಗೋಪಾಲಬಾಬಾ ವಲಂಗ್ಕರ್ ಅವರಂಥ ಹಿರಿಯರು ಅದಕ್ಕೂ ಮೊದಲೇ ಬೀಜ ಬಿತ್ತಿದ್ದ ನೆಲ ಅದು. ಪುರಸಭೆಯ ಅಧ್ಯಕ್ಷ ಸುರೇಂದ್ರನಾಥ ಟಿಪ್ಣಿಸ್ ಮತ್ತು ಅನಂತರಾವ್ ಚಿತ್ರೆ, ಇಬ್ಬರೂ ಮೇಲ್ಜಾತಿಯವರು, ಜೊತೆಗಿದ್ದರು.

ಪ್ರಬಂಧದಲ್ಲಿ ನಾನು ಎಲ್ಲಕ್ಕಿಂತ ಮೊದಲು ಬರೆಯಬೇಕು ಅಂದುಕೊಂಡ ಸಂಗತಿ ಇದು: ಆ ಪರಿಷತ್ತಿಗೆ ಬಂದ ಸಾವಿರಾರು ಜನರಿಗೆ ಕುಡಿಯಲು ನಲವತ್ತು ರೂಪಾಯಿಯ ನೀರನ್ನು ಸವರ್ಣೀಯರಿಂದ ಖರೀದಿ ಮಾಡಿದ್ದರು. ಧನಂಜಯ ಕೀರ್ ಬರೆದ ಅಂಬೇಡ್ಕರ್ ಜೀವನಚರಿತ್ರೆಯಲ್ಲಿ ಇದು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. 1927ರ ನಲವತ್ತು ರೂಪಾಯಿ! ಪಕ್ಕದಲ್ಲಿ ಪುರಸಭೆಯ ಕೆರೆ, ಅದರಲ್ಲಿ ಎಲ್ಲರ ತೆರಿಗೆಯ ದುಡ್ಡು, ಕೆರೆಗೆ ಬರಬಹುದು ಅಂತ ಪುರಸಭೆಯದೇ ಠರಾವು, ಆದರೂ ಪರಿಷತ್ತಿನ ಖರ್ಚಿನಲ್ಲಿ ನೀರಿನ ಬಾಬ್ತು. ಚವದಾರ ಕೆರೆಯ ಸೌಂದರ್ಯ ವರ್ಣಿಸುವ ಯಾವ ಲೇಖಕನಿಗೂ ಈ ನಲವತ್ತು ರೂಪಾಯಿ ಕಾಣುವುದಿಲ್ಲ, ಯಾಕಂದರೆ ಅದು ಕೆರೆಯ ದಡದಲ್ಲಿ ಇಲ್ಲ.

ಮುಂದಿನದು ನಿಮಗೆಲ್ಲ ಗೊತ್ತು. 20ರಂದು ಎಲ್ಲರೂ ಸಾಲಾಗಿ ಪೇಟೆಯ ರಸ್ತೆಯಲ್ಲಿ ನಡೆದು ಬಂದರು. ಬಾಬಾಸಾಹೇಬರು ಬೊಗಸೆಯಲ್ಲಿ ನೀರು ಎತ್ತಿ ಕುಡಿದರು, ಹಿಂದೆ ಎಲ್ಲರೂ ಕುಡಿದರು. ವಾಪಸು ಬಂದು ಜನ ಊಟಕ್ಕೆ, ಊರಿಗೆ ಹೊರಡುವ ತಯಾರಿಯಲ್ಲಿದ್ದಾಗ, ಇವರು ವೀರೇಶ್ವರ ಗುಡಿಗೂ ನುಗ್ಗುತ್ತಾರೆ ಅಂತ ಗಾಳಿಸುದ್ದಿ ಎದ್ದಿತು. ಬಡಿಗೆ ಹಿಡಿದವರು ಮಂಟಪಕ್ಕೆ ನುಗ್ಗಿದರು. ಅನ್ನ ಮಣ್ಣುಪಾಲಾಯಿತು, ಎಷ್ಟೋ ಜನರ ತಲೆ ಒಡೆಯಿತು, ದಾರಿಯಲ್ಲಿ ಹೋಗುತ್ತಿದ್ದವರನ್ನೂ ಅಡ್ಡಗಟ್ಟಿ ಹೊಡೆದರು. ಕೆಲವರು ಮುಸಲ್ಮಾನರ ಮನೆಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು. ನಮ್ಮವರಲ್ಲಿ ಸೈನ್ಯದಲ್ಲಿದ್ದು ಬಂದ ಗಟ್ಟಿಮುಟ್ಟಾದವರು ಬೇಕಾದಷ್ಟಿದ್ದರು, ಒಂದು ಮಾತು ಸಾಕಿತ್ತು. ಬಾಬಾಸಾಹೇಬರು ಕೈ ಎತ್ತಬೇಡಿ ಅಂದರು.

ಆಮೇಲೆ ಶುದ್ಧೀಕರಣ. ನೂರಾ ಎಂಟು ಮಣ್ಣಿನ ಕೊಡಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ಕೆರೆಗೆ ಸುರಿದು, ಮಂತ್ರ ಹೇಳಿ, ನೀರು ಈಗ ಸವರ್ಣೀಯರಿಗೆ ಯೋಗ್ಯ ಅಂತ ಸಾರಿದರು. ಸಗಣಿ ಹಾಕಿದ ಮೇಲೆ ನೀರು ಸ್ವಚ್ಛ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟಿಗಿಂತ ನಗು ಬರುತ್ತದೆ. ಆದರೆ ಆ ನಗುವಿನಾಚೆ ಒಂದು ವಿಷಯವಿದೆ. ಅಂದು ಅವರು ಕೂಡ ಆ ಜಾಗವನ್ನು ವರ್ಣಿಸುತ್ತಿದ್ದರು. ಕೊಡಗಳಿಂದ ಬರೆದ ವರ್ಣನೆ ಅದು: ಈ ಕೆರೆ ಇಂಥವರದು. ಆಗಸ್ಟ್ 4ಕ್ಕೆ ಪುರಸಭೆ ತನ್ನ ಹಳೆಯ ಠರಾವನ್ನು ರದ್ದು ಮಾಡಿ ಅದಕ್ಕೆ ಮೊಹರು ಒತ್ತಿತು.

ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹ ಅಂತ ಘೋಷಣೆ ಆದ ಕೂಡಲೇ ಎದುರಿನವರು ಕೋರ್ಟಿಗೆ ಹೋದರು. 1927ರ ಡಿಸೆಂಬರ್ 12ಕ್ಕೆ ದಾವೆ, 14ಕ್ಕೆ ತಾತ್ಕಾಲಿಕ ತಡೆಯಾಜ್ಞೆ. ಹಿಂದೂಗಳು ಯಾರೂ ಜಾಗ ಕೊಡದಿದ್ದಾಗ ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು ತಮ್ಮ ಜಾಗದಲ್ಲಿ ಮಂಟಪ ಹಾಕಲು ಬಿಟ್ಟರು. ಬಾಬಾಸಾಹೇಬರು ಮುಂಬಯಿಯಿಂದ ದಾಸಗಾವಿನವರೆಗೆ ಹಡಗಿನಲ್ಲಿ ಬಂದು, ಅಲ್ಲಿಂದ ಮಹಾಡಿಗೆ ನಡೆದರು. 25ರ ರಾತ್ರಿ ಮನುಸ್ಮೃತಿ ಸುಟ್ಟಿದ್ದು ಅಲ್ಲೇ, ಕೆರೆಯ ದಡದಲ್ಲಿ ಅಲ್ಲ. ನಮ್ಮ ಎಷ್ಟೋ ಬರಹಗಳಲ್ಲಿ ಎರಡನ್ನೂ ಒಂದೇ ದಿನ, ಒಂದೇ ಜಾಗ ಮಾಡಿಬಿಡುತ್ತಾರೆ. ನೀರು ಕುಡಿದದ್ದು ಮಾರ್ಚ್, ಗ್ರಂಥ ಸುಟ್ಟದ್ದು ಡಿಸೆಂಬರ್. ಡಿಸೆಂಬರ್‌ನಲ್ಲಿ ಬಾಬಾಸಾಹೇಬರು ತಡೆಯಾಜ್ಞೆಯನ್ನು ಮುರಿಯಲಿಲ್ಲ. ಜೈಲಿಗೆ ಹೋಗಲು ಸಾವಿರಾರು ಜನ ತಯಾರಾಗಿ ಕುಳಿತಿದ್ದರೂ ಬೇಡ ಅಂದರು. ಮೆರವಣಿಗೆ ಕೆರೆಯ ಸುತ್ತ ಬಂತು, ನೀರು ಮುಟ್ಟದೆ ವಾಪಸಾಯಿತು. ಆ ಪ್ರದಕ್ಷಿಣೆಯ ಬಗ್ಗೆ ಯಾರೂ ಕವನ ಬರೆದ ಹಾಗಿಲ್ಲ. ಕೆರೆಯ ಇತಿಹಾಸದಲ್ಲಿ ಅತಿ ಕಷ್ಟದ ನಡಿಗೆ ಅದೇ ಇರಬೇಕು ಅಂತ ನನಗನಿಸುತ್ತದೆ. ಅದೇ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಬೇರೆಯಾಗಿ ಮಾತಾಡಿ, ಜಾತಿಯ ಗುರುತು ತೋರಿಸುವ ರೀತಿಯಲ್ಲಿ ಸೀರೆ ಉಡಬೇಡಿ ಅಂದರು. ಮರುದಿನವೇ ಉಡುವ ರೀತಿ ಬದಲಾಯಿತು. ಗಂಡಸರ ಕೇಸು ಹತ್ತು ವರ್ಷ ನಡೆಯಿತು, ಹೆಂಗಸರ ತೀರ್ಪು ಒಂದು ರಾತ್ರಿಯಲ್ಲಿ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯ.

ಆ ದಾವೆ ಮಹಾಡಿನ ಸಬ್‌ಜಡ್ಜ್ ಕೋರ್ಟು, ಠಾಣೆಯ ಅಪೀಲು ಎಲ್ಲ ದಾಟಿ ಮುಂಬಯಿ ಹೈಕೋರ್ಟಿಗೆ ಹೋಯಿತು. 1937ರ ಮಾರ್ಚ್ 17ಕ್ಕೆ ತೀರ್ಪು. ನರಹರಿ ದಾಮೋದರ ವೈದ್ಯ ವಿರುದ್ಧ ಭೀಮರಾವ್ ರಾಮಜಿ ಅಂಬೇಡ್ಕರ್. ತೀರ್ಪು ಬರೆದ ಜಡ್ಜ್ ಬ್ರೂಮ್‌ಫೀಲ್ಡ್. ಹೌದು, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ಕೊಟ್ಟರಲ್ಲ, ಅದೇ ಮನುಷ್ಯ.

ಆ ತೀರ್ಪಿನ ಮೊದಲ ಭಾಗದಲ್ಲಿ ಒಂದು ವರ್ಣನೆ ಇದೆ. ಅದನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಕೆರೆ ನಾಲ್ಕೈದು ಎಕರೆ. ಪಟ್ಟಣದ ಹೊರವಲಯದಲ್ಲಿದೆ. ಮಳೆಯ ನೀರು, ಕೆಲವು ಸಹಜ ಊಟೆಗಳಿಂದ ತುಂಬುತ್ತದೆ. ಸುತ್ತ ನಾಲ್ಕೂ ಕಡೆ ಪುರಸಭೆಯ ರಸ್ತೆ. ರಸ್ತೆಯ ಆಚೆ ಸವರ್ಣ ಹಿಂದೂಗಳ ಮನೆಗಳು, ಎಲ್ಲೋ ಕೆಲವು ಮುಸಲ್ಮಾನರವು. ಆ ಮನೆಗಳ ಮಾಲೀಕರಲ್ಲಿ ಹಲವರಿಗೆ ಕೆರೆಯ ಅಂಚಿನಲ್ಲಿ ನೆಲದ ಪಟ್ಟಿ, ನೀರಿಗಿಳಿಯುವ ಮೆಟ್ಟಿಲು, ಕಲ್ಲಿನ ಕಟ್ಟೆ ಸ್ವಂತ ಇವೆ. ನೀರಿನ ಬಣ್ಣ ಇಲ್ಲ. ಗಾಳಿ ಇಲ್ಲ. ಭಾವನೆ ಅಂತೂ ಇಲ್ಲವೇ ಇಲ್ಲ.

ನಮ್ಮ ಆಫೀಸಿನ ಭಾಷೆಯಲ್ಲಿ ಇದಕ್ಕೆ ಚಕ್ಕುಬಂದಿ ಅಂತಾರೆ. ಖರೀದಿ ಪತ್ರ ನೋಡಿದವರಿಗೆ ಗೊತ್ತು: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಸರಕಾರಿ ಹಾದಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಮನೆ. ದಿನಾ ಓದುವ ಬೇಸರದ ಸಾಲು. ಆದರೆ ಒಂದು ತುಂಡು ನೆಲ ಯಾರದು ಅಂತ ಜಗಳ ಬಂದಾಗ ಕೊನೆಗೆ ನಿಲ್ಲುವುದು ಆ ಬೇಸರದ ಸಾಲೇ.

ಇಲ್ಲೂ ಅದೇ ಆಯಿತು. ಎದುರಿನವರ ವಾದ ಎರಡು. ಒಂದು, ಈ ಕೆರೆ ಖಾಸಗಿ. ಇನ್ನೊಂದು, ಖಾಸಗಿ ಅಲ್ಲದಿದ್ದರೂ ಅನಾದಿ ಕಾಲದಿಂದ ಅಸ್ಪೃಶ್ಯರನ್ನು ಬಿಟ್ಟು ನಾವೇ ಬಳಸುತ್ತಾ ಬಂದಿದ್ದೇವೆ, ಆ ರೂಢಿಯೇ ನಮ್ಮ ಹಕ್ಕು. ಮೊದಲನೆಯದು ನಿಲ್ಲಲಿಲ್ಲ, ಕೆರೆ ಪುರಸಭೆಗೆ ಸೇರಿದ್ದು, ದುರಸ್ತಿಗೆ ಪುರಸಭೆಯೇ ದುಡ್ಡು ಹಾಕಿದೆ ಅಂತ ಕೆಳಗಿನ ಕೋರ್ಟಿನಲ್ಲೇ ತೀರ್ಮಾನ ಆಗಿತ್ತು. ಉಳಿದದ್ದು ರೂಢಿ. ಜೀವಂತ ಇರುವವರ ನೆನಪಿನಲ್ಲಿ ಅಸ್ಪೃಶ್ಯರು ಆ ನೀರು ಮುಟ್ಟಿದ್ದಕ್ಕೆ ಸಾಕ್ಷಿ ಇರಲಿಲ್ಲ. ಬಹಳ ಕಾಲದಿಂದ ನಡೆದದ್ದನ್ನು ಅನಾದಿ ಅಂತ ಒಪ್ಪಿಕೊಳ್ಳುವ ಪದ್ಧತಿ ಕಾನೂನಿನಲ್ಲಿ ಇದೆ. ಅಲ್ಲಿಗೆ ನಾವು ಸೋಲಬೇಕಿತ್ತು.

ಆಗ ನೆರವಿಗೆ ಬಂದದ್ದು ಆ ವರ್ಣನೆ. ಇದು ಊರ ಹೊರಗಿನ ದೊಡ್ಡ ಸಹಜ ಕೆರೆ. ಸುತ್ತಲೂ ಸವರ್ಣೀಯರ ಮನೆಗಳು ಎದ್ದು ನಿಲ್ಲುವವರೆಗೆ ಇಂಥ ತೆರೆದ ನೀರನ್ನು ಯಾರಾದರೂ ತಮ್ಮದೇ ಅಂತ ಕಾಯುತ್ತಿದ್ದರು, ಬೇರೆಯವರನ್ನು ತಡೆಯುತ್ತಿದ್ದರು ಅನ್ನುವುದೇ ಅನುಮಾನ. ಅಂದಮೇಲೆ ಹೊರಗಿಡುವ ರೂಢಿ ಅನಾದಿಯದು ಅನ್ನುವುದು ರುಜುವಾತಾಗಿಲ್ಲ. ಅಪೀಲು ವಜಾ.

ಮತ್ತೊಮ್ಮೆ ಓದಿಕೊಳ್ರಿ. ಅಸ್ಪೃಶ್ಯತೆ ಅನ್ಯಾಯ ಅಂತ ಆ ತೀರ್ಪು ಹೇಳಲಿಲ್ಲ. ರೂಢಿ ಸಾಬೀತಾಗಿದ್ದರೆ ಅದು ನ್ಯಾಯವೋ ಅಲ್ಲವೋ ಅಂತ ನೋಡಬೇಕಾಗುತ್ತಿತ್ತು, ಈಗ ಆ ಪ್ರಶ್ನೆಯೇ ಬರುವುದಿಲ್ಲ ಅಂತ ಪಕ್ಕಕ್ಕಿಟ್ಟಿತು. ನಾವು ಗೆದ್ದದ್ದು ಯಾರ ಕರುಣೆಯಿಂದಲೂ ಅಲ್ಲ. ನೀರು ಮೊದಲು, ಮನೆ ಆಮೇಲೆ ಎಂಬ ಒಂದು ಸಂಗತಿಯಿಂದ. ಅನಾದಿ, ಸನಾತನ ಅಂತ ಎದೆ ತಟ್ಟಿಕೊಳ್ಳುತ್ತಿದ್ದದ್ದು ಮನೆ ಕಟ್ಟಿದಷ್ಟೇ ಹಳೆಯದು ಅಂತ ಒಂದು ಚಕ್ಕುಬಂದಿ ತೋರಿಸಿಬಿಟ್ಟಿತು. ಕಣ್ಣೀರಿನ ಹತ್ತು ಪ್ರಬಂಧ ಈ ಕೆಲಸ ಮಾಡುತ್ತಿರಲಿಲ್ಲ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ವೇಟಿಂಗ್ ಫಾರ್ ಎ ವೀಸಾ ಓದಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. 1935-36ರ ಸುಮಾರಿಗೆ ಬರೆದ ಚಿಕ್ಕ ನೆನಪಿನ ಬರಹ, ಪುಸ್ತಕವಾಗಿ ಬಂದದ್ದು 1990ರಲ್ಲಿ. ಅದರಲ್ಲಿ 1901ರ ಒಂದು ಪ್ರಯಾಣ ಇದೆ. ಸಾತಾರಾದಿಂದ ಹುಡುಗರು ಹೊಸ ಅಂಗಿ, ಜರಿ ಟೋಪಿ ಹಾಕಿಕೊಂಡು ಅಪ್ಪನ ಹತ್ತಿರ ಗೋರೆಗಾವಿಗೆ ಹೊರಡುತ್ತಾರೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಅಪ್ಪ ಬಂದಿಲ್ಲ. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಗಾಡಿಯವರು ಬರಲು ಒಪ್ಪುವುದಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ, ಗಾಡಿ ಹೊಡೆಯುವವರು ಹುಡುಗರೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಊಟ ಬೇಕಾದಷ್ಟಿದೆ, ನೀರಿಲ್ಲ. ಸಿಕ್ಕ ಹಳ್ಳದ ನೀರಿನಲ್ಲಿ ಕೆಸರು, ಸಗಣಿ. ಸುಂಕದ ಕಟ್ಟೆಯಲ್ಲಿ ಮುಸಲ್ಮಾನರು ಅಂತ ಹೇಳಿ ಕೇಳಿದರೂ ಸಿಗುವುದಿಲ್ಲ. ಹಸಿದೇ ಮಲಗುತ್ತಾರೆ.

ಆ ಬರಹದಲ್ಲಿ ಬೆಟ್ಟ ಹೀಗಿತ್ತು, ಚಂದ್ರ ಹಾಗಿದ್ದ ಅಂತ ಇಲ್ಲ. ಯಾವ ಜಾಗ ಬಂದರೂ ಮೊದಲ ಪ್ರಶ್ನೆ ಇಲ್ಲಿ ನೀರು ಎಲ್ಲಿದೆ, ಯಾರು ಕೊಡುತ್ತಾರೆ. ಇನ್ನೂ ಒಂದು ಮಾತು. ಅಪ್ಪ ಗೋರೆಗಾವಿನಲ್ಲಿ ಯಾವ ಕೆಲಸದಲ್ಲಿದ್ದರು ಗೊತ್ತಾ? ಬರಗಾಲದ ಜನರಿಗೆ ಕೂಲಿ ಕೊಡಲು ಸರಕಾರ ಕೆರೆ ಅಗೆಸುತ್ತಿತ್ತು. ಆ ಕೆರೆ ಕಾಮಗಾರಿಯ ಕ್ಯಾಷಿಯರ್ ರಾಮಜಿ ಸಕ್ಪಾಲರು. ಬಾಬಾಸಾಹೇಬರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ, ಎದೆ ಬಡಿದುಕೊಳ್ಳುವುದಿಲ್ಲ. ಕೆರೆಯ ಲೆಕ್ಕ ಬರೆಯುವವನ ಮಕ್ಕಳಿಗೆ ದಾರಿಯಲ್ಲಿ ಒಂದು ತಂಬಿಗೆ ನೀರಿಲ್ಲ ಅಂತ ಓದುವವನೇ ಕೂಡಿಸಿಕೊಳ್ಳಬೇಕು.

ಅದೇ ಬರಹದಲ್ಲಿ 1934ರ ದೌಲತಾಬಾದ್ ಕೋಟೆಯೂ ಬರುತ್ತದೆ. ಬಾಗಿಲ ಹತ್ತಿರ ತುಂಬಿದ ಸಣ್ಣ ಕೊಳ, ಸುತ್ತ ಅಗಲವಾದ ಕಲ್ಲುಹಾಸು. ಧೂಳು ಹಿಡಿದ ಮುಖ ತೊಳೆದುಕೊಂಡರು, ಅಷ್ಟಕ್ಕೇ ಒಬ್ಬ ಮುಸ್ಲಿಂ ಮುದುಕ ಕೂಗಿಕೊಂಡು ಬಂದ, ಕೊಳ ಮೈಲಿಗೆ ಆಯಿತು ಅಂತ. ಮಹಾಡಿನ ಏಳು ವರ್ಷದ ನಂತರದ ಮಾತಿದು. ಅದೂ ನಿಜಾಮನ ರಾಜ್ಯದಲ್ಲಿ. ಮಹಾಡಿನಲ್ಲಿ ಜೀವ ಉಳಿಸಿದ್ದು ಮುಸಲ್ಮಾನರ ಮನೆಗಳು, ಜಾಗ ಕೊಟ್ಟಿದ್ದು ಫತ್ತೇಖಾನ್. ದೌಲತಾಬಾದಿನಲ್ಲಿ ಹೀಗೆ. ಎರಡನ್ನೂ ಬರೆಯಬೇಕು. ಒಂದನ್ನು ಬರೆದು ಇನ್ನೊಂದನ್ನು ನುಂಗಿದರೆ ಅದು ಜಾಗದ ವರ್ಣನೆ ಆಗುವುದಿಲ್ಲ, ಪಾರ್ಟಿಯ ಕರಪತ್ರ ಆಗುತ್ತದೆ.

ಕೆಲವರು ಕೇಳುತ್ತಾರೆ, ಮಹಾಡಿಗೂ ಕರ್ನಾಟಕಕ್ಕೂ ಏನು ಸಂಬಂಧ ಅಂತ. ಸ್ವಾಮಿ, ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಬೋಳೆ ನಿರ್ಣಯ ನಮ್ಮ ಪುರಸಭೆಗಳಿಗೂ ಹೇಳಿದ್ದು. ಆ ಹೈಕೋರ್ಟಿನ ತೀರ್ಪು ನಮ್ಮ ಸಬ್‌ಜಡ್ಜರ ಮೇಜಿನ ಮೇಲೂ ಬಂದದ್ದು. ಮಹಾಡಿಗೆ ಎರಡು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬರು ನಿಪ್ಪಾಣಿಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಸಂವಿಧಾನದ 15ನೇ ಅನುಚ್ಛೇದದ ಎರಡನೇ ಖಂಡವನ್ನು ತೆಗೆದು ನೋಡಿ: ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ರಾಜ್ಯದ ಹಣದಿಂದ ಪೂರ್ತಿಯಾಗಿಯೋ ಭಾಗಶಃವೋ ನಡೆಯುವಂಥವು. ಕಾನೂನಿನ ಪುಸ್ತಕದಲ್ಲಿ ಸ್ನಾನಘಟ್ಟ, ರಸ್ತೆ ಇವುಗಳಿಗೆ ಏನು ಕೆಲಸ ಅಂತ ಓದುವವರಿಗೆ ಅನಿಸಬಹುದು. ನನಗಂತೂ ಆ ಸಾಲು ಓದುವಾಗಲೆಲ್ಲ ಕಾಣುವುದು ಮಹಾಡಿನ ಕೆರೆಯೇ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಒಂದು ಭಾನುವಾರ ಊರಿಗೆ ಹೋಗಿದ್ದೆ. ನಮ್ಮ ದೊಡ್ಡವ್ವಗೆ ವಯಸ್ಸು ಎಂಬತ್ತರ ಮೇಲೆ, ಕಿವಿ ಮಂದ, ನೆನಪು ಚುರುಕು. ಮಹಾಡಿಗೆ ಹೋಗಿದ್ದೆ, ಕೆರೆ ನೋಡಿ ಬಂದೆ ಅಂದರೆ, "ಕೆರಿ ನೋಡಾಕ ಅಷ್ಟು ದೂರ ಹ್ವಾದಿ ಏನೋ?" ಅಂತ ನಕ್ಕಳು. ಊರೊಳಗಿನ ಹಳೇ ಬಾವಿ ಹ್ಯಾಂಗಿತ್ತು ಹೇಳು ದೊಡ್ಡವ್ವ, ಬರಕೋತೀನಿ ಅಂದೆ. ಆ ಬಾವಿ ಮುಚ್ಚಿ ವರ್ಷಗಳಾದವು. ಈಗ ಅದರ ಮೇಲೆ ಒಂದು ಕಟ್ಟೆ, ಮೇಲೆ ನೀರಿನ ಟ್ಯಾಂಕು.

"ನನಗೇನ್ ಗೊತ್ತಪಾ ಬಾವಿ ಹ್ಯಾಂಗಿತ್ತಂತ? ನಾ ಎಂದೂ ಒಳಗ ಹಣಿಕಿ ನೋಡಿಲ್ಲ. ಹೊರಗ ಒಂದು ಚಪ್ಪಟಿ ಕಲ್ಲಿತ್ತು ನೋಡು. ಅದರ ಮ್ಯಾಲೆ ಕೊಡ ಇಟ್ಟು ದೂರ ನಿಂದರತಿದ್ವಿ. ಯಾರರ ಬಂದು ಹಾಕ್ತಿದ್ರು. ಆ ಕಲ್ಲು ಹೇಳಂದ್ರ ಹೇಳ್ತೀನಿ."

ಕಲ್ಲನ್ನು ಹೇಳಿದಳು. ಎಷ್ಟು ಉದ್ದ, ಯಾವ ಕಡೆ ಸವೆದಿತ್ತು, ಮಳೆಗಾಲದಲ್ಲಿ ಹೇಗೆ ಜಾರುತ್ತಿತ್ತು, ಬೇಸಿಗೆ ಮಧ್ಯಾಹ್ನ ಪಾದ ಹೇಗೆ ಸುಡುತ್ತಿತ್ತು, ಎದುರಿನ ಬೇವಿನ ಗಿಡದ ನೆರಳು ಎಷ್ಟು ಹೊತ್ತಿಗೆ ಅಲ್ಲಿಗೆ ಬರುತ್ತಿತ್ತು, ಯಾವ ಮನೆಯ ಹೆಂಗಸು ಬಂದರೆ ಬೇಗ ನೀರು ಸಿಗುತ್ತಿತ್ತು, ಯಾರು ಬಂದರೆ ಕೊಡದ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಮೇಲಿಂದ ಸುರಿಯುವಾಗ ಹನಿ ಸಿಡಿದು ಅವರ ಸೀರೆಗೆ ಬೀಳಬಾರದು ಅಂತ ಕೊಡವನ್ನು ಎಷ್ಟು ಓರೆ ಇಡಬೇಕು ಅಂತ ಕೈಯಲ್ಲಿ ಮಾಡಿ ತೋರಿಸಿದಳು. ನಲವತ್ತು ನಿಮಿಷ. ನಾನು ಬಿಎದಲ್ಲಿ ಕನ್ನಡ ಐಚ್ಛಿಕ ಓದಿದವನು, ಇಂಥ ವರ್ಣನೆ ನಮ್ಮ ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ. ಸಿದ್ದಲಿಂಗಯ್ಯನವರು ತಮ್ಮ ಆತ್ಮಕಥೆಗೆ ಊರು ಕೇರಿ ಅಂತ ಹೆಸರಿಟ್ಟರು. ಎರಡೇ ಪದ, ಎರಡೂ ಜಾಗದ ಹೆಸರು. ಶಾಲೆಯಲ್ಲಿ "ನಮ್ಮೂರು" ಅಂತ ಪ್ರಬಂಧ ಬರೆಸುವ ಮೇಷ್ಟ್ರು ಆ ಎರಡನೇ ಪದವನ್ನು ಇವತ್ತಿಗೂ ಕೇಳುವುದಿಲ್ಲ. ನಮ್ಮ ಮಕ್ಕಳೂ ಗುಡಿ, ಕೆರೆ, ರಥಬೀದಿ ಬರೆದು ಮುಗಿಸುತ್ತಾರೆ. ತಾವು ಎಲ್ಲಿ ನಿಂತು ಅವನ್ನು ನೋಡಿದೆವು ಅನ್ನುವುದನ್ನು ಬರೆಯುವುದಿಲ್ಲ.

ಸಂಚಿಕೆಯ ಪ್ರಬಂಧ ಮೊನ್ನೆ ಮುಗಿಸಿದೆ. ನಲವತ್ತು ರೂಪಾಯಿಯಿಂದ ಶುರುವಾಗುತ್ತದೆ. ತಂಗಾಳಿ ಇಲ್ಲ. ಬಾಟಲಿ ತುಂಬಿಕೊಂಡ ಮುದುಕಿ ಇದ್ದಾಳೆ, ಅವಳ ಹಿಂದೆ ಕಾಣುವ ಮನೆಗಳೂ ಇವೆ, ಆ ಮನೆಗಳು ಕೆರೆಗಿಂತ ಆಮೇಲೆ ಬಂದವು ಅನ್ನುವುದೂ ಇದೆ. ಹುಡುಗರು ಓದಿ, "ಅಣ್ಣಾ, ಇದು ಇತಿಹಾಸ ಆತಲ್ಲ" ಅಂದರು. ಆಗಲಿ ಬಿಡ್ರಿ ಅಂದೆ.

ಸಂಚಿಕೆಯಲ್ಲಿ ಇನ್ನೂ ಪುಟ ಉಳಿದಿವೆ. ಅದಕ್ಕೆ ನಿಮ್ಮಿಂದ ಒಂದು ಬೇಡಿಕೆ. ನಿಮ್ಮ ನಿಮ್ಮ ಊರಿನ ಬಾವಿ, ಕೆರೆ, ಹಳ್ಳದ ಒರತೆ, ಯಾವುದಾದರೂ ಆಗಬಹುದು, ಮುಚ್ಚಿಹೋಗಿದ್ದರೂ ನಡೆಯುತ್ತದೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಹಾದಿ, ಯಾರ ಹಣದಿಂದ ತೋಡಿಸಿದ್ದು, ಪಂಚಾಯ್ತಿಯ ದಾಖಲೆಯಲ್ಲಿ, ಗ್ರಾಮ ನಕಾಶೆಯಲ್ಲಿ ಅದು ಇದೆಯೇ, ಕೇರಿಯಿಂದ ಎಷ್ಟು ಹೆಜ್ಜೆ, ನಮ್ಮವರು ಎಲ್ಲಿ ನಿಲ್ಲುತ್ತಿದ್ದರು. ಮನೆಯಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಕ್ಕಳಿದ್ದರೆ ಮೊದಲು ಅವರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಬದುಕಿರುವ ಯಾರದೇ ಮನೆತನದ ಹೆಸರು ಹಾಕಬೇಡಿ, ಜಗಳ ನಮಗೆ ಬೇಕಿಲ್ಲ. ಒಂದು ಪುಟ ಸಾಕು. ಇನ್‌ಬಾಕ್ಸಿಗೆ ಕಳಿಸಿ, ಕೈಬರಹದ ಫೋಟೋ ಆದರೂ ಸರಿ, ಟೈಪ್ ಮಾಡುವ ಕೆಲಸ ನನ್ನದು.